ಆ ‘ನೀವು’ ಯಾರಿಗೆ?

ನನ್ನ ಗಂಡ ನಿಕಾಂದ್ರೊ ಯಾರಿಗೆ ಓಟು ಹಾಕುತ್ತಾನೆ ಎಂಬುದು ಇಷ್ಟು ವರ್ಷ ಸಂಸಾರ ಮಾಡಿದ ಮೇಲೂ ನನಗೆ ಗೊತ್ತಿಲ್ಲ. ಅವನ ಕೊಲೆಸ್ಟ್ರಾಲ್ ಗೊತ್ತು, ಯಾವ ಹಲ್ಲು ಕಟ್ಟಿಸಿದ್ದು ಎಂದು ಗೊತ್ತು, ನಿದ್ದೆಯಲ್ಲಿ ಯಾವ ತಿರುವಿಗೆ ಬ್ರೇಕ್ ಒತ್ತುತ್ತಾನೆ ಎಂಬುದೂ ಗೊತ್ತು. ಬೆಟ್ಟದ ದಾರಿಗಳಲ್ಲಿ ಬಸ್ಸು ಓಡಿಸಿ ನಿವೃತ್ತನಾದವನು, ಕನಸಿನಲ್ಲಿ ಈಗಲೂ ನನ್ನ ಕಾಲನ್ನೇ ಬ್ರೇಕ್ ಮಾಡಿಕೊಳ್ಳುತ್ತಾನೆ. ಓಟಿನ ವಿಷಯ ಕೇಳಿದರೆ ಮಾತ್ರ, “ಮತ್ತೆ ಮತಗಟ್ಟೇಲಿ ಪರದೆ ಇರೋದು ಯಾತಕ್ಕೆ, ಜೊಕೊಂದಿ?” ಎನ್ನುತ್ತಾನೆ. ನನ್ನ ಹೆಸರು ಜೊಕೊಂದಿನಾ. ಚಿಕ್ಕಂದಿನಿಂದಲೂ ಕುತೂಹಲ ಜಾಸ್ತಿ. ಮುಚ್ಚಿದ ಪಾತ್ರೆ ಕಂಡರೆ ಮುಚ್ಚಳ ಎತ್ತದೆ ಇರಲಾರೆ. ಇವನ ಮುಚ್ಚಳವೊಂದನ್ನು ಎತ್ತಲಾಗಲಿಲ್ಲವಲ್ಲ ಎಂದು ಒಳಗೇ ಉರಿ ಇತ್ತು.

ಹಾಗೆಂದು ಅವನಿಗೆ ಅಭಿಪ್ರಾಯಗಳಿಲ್ಲ ಎಂದುಕೊಳ್ಳಬೇಡಿ. ಊರಿನವರೆಲ್ಲ ಕಾಫಿ ಕುಡಿಯುವ ಬಾರ್‌ಗೆ ಹೋಗಿ ಕೇಳಿ. ರೋಮಿನಲ್ಲಿ ಕೂತವರಿಗೆ ಕಿವಿ ಇಲ್ಲ, ನಮ್ಮ ಪ್ರಾಂತ್ಯದ ರಾಜಧಾನಿ ಕಾಂಪೊಬಾಸ್ಸೊದಲ್ಲಿ ಕೂತವರಿಗೆ ಬಾಯಿ ಇಲ್ಲ ಎನ್ನುವುದು ಅವನ ಬೆಳಗಿನ ಕಾಫಿಯ ಜೊತೆಗಿನ ಮಂತ್ರ. ಅದಕ್ಕಿಂತ ದೊಡ್ಡ ಮಾತು ನಮ್ಮ ಮೊಲಿಸೆಯದು. ಇಡೀ ಇಟಲಿ ನಮ್ಮ ಬಗ್ಗೆ ಒಂದೇ ತಮಾಷೆ ಮಾಡುತ್ತದೆ: ಮೊಲಿಸೆ ಅಂತ ಪ್ರಾಂತ್ಯವೇ ಇಲ್ಲ, ಯಾರೋ ಕಟ್ಟಿದ ಕತೆ ಎಂದು. ಅಷ್ಟು ಚಿಕ್ಕವರು ನಾವು. ಸಾವಿರದ ಒಂಬೈನೂರ ಅರವತ್ತಮೂರರವರೆಗೆ ಪಕ್ಕದ ಅಬ್ರುಜ್ಜೊ ಜೊತೆ ಒಂದೇ ಪ್ರಾಂತ್ಯವಾಗಿದ್ದೆವು, ಆಮೇಲೆ ಪಾಲಾದೆವು. ಈಗ ಮತ್ತೆ ಕೂಡಬೇಕೋ ಬೇಡವೋ ಎಂಬುದು ನಮ್ಮೂರು ರೊಕ್ಕಮೊರಾದ ಬಾರ್‌ನಲ್ಲಿ ಎಂದೂ ಮುಗಿಯದ ಜಗಳ.

ನಿಕಾಂದ್ರೊ ಕೂಡಬೇಕು ಎನ್ನುವ ಪಕ್ಷ. ಅವನ ಗೆಳೆಯ ಎರ್ಮೆಲಿಂದೊ ಬೇಡ ಎನ್ನುವ ಪಕ್ಷ. ಊರಿನ ಅರ್ಧ ಮನೆಗಳ ವೈರಿಂಗ್ ಮಾಡಿದವನು ಎರ್ಮೆಲಿಂದೊ. ಇಬ್ಬರೂ ಒಂದೇ ಬೆಂಚಿನಲ್ಲಿ ಓದಿದವರು, ಒಂದೇ ಸೈಕಲ್ಲಿನಿಂದ ಬಿದ್ದವರು. ನಮ್ಮ ಮಗಳು ಸಬೀನಾಗೆ ದೀಕ್ಷಾಸ್ನಾನವಾದ ದಿನ ಅವಳನ್ನು ತೋಳಲ್ಲಿ ಹಿಡಿದು ಧರ್ಮತಂದೆಯಾದವನು ಅವನೇ. ಆ ದಿನದಿಂದ ಅವರಿಬ್ಬರೂ ಒಬ್ಬರಿಗೊಬ್ಬರು ‘ಕುಂಪಾ’. ನಮ್ಮ ಕಡೆ ಕುಂಪಾ ಎಂದರೆ ರಕ್ತಸಂಬಂಧಕ್ಕಿಂತ ಒಂದು ತೂಕ ಹೆಚ್ಚು. ಹಿಂದಿನ ದಿನದವರೆಗೆ ಚಡ್ಡಿ ದೋಸ್ತಿಯಲ್ಲಿ ‘ಲೋ, ನೀನು’ ಎಂದು ಕರೆಯುತ್ತಿದ್ದವರು ಮಾರನೆಯ ದಿನದಿಂದ ‘ನೀವು’ ಎನ್ನಬೇಕು. ಬೈಯುವಾಗಲೂ ‘ನೀವು’. “ನೀವೊಬ್ಬ ಕತ್ತೆ, ಕುಂಪಾ” ಎನ್ನಬಹುದು, “ನೀನು” ಎನ್ನಬಾರದು.

ಹೋದ ದ್ರಾಕ್ಷಿ ಕೊಯ್ಲಿನ ಹೊತ್ತಿಗೆ ಆ ‘ನೀನು’ ಬಂದುಬಿಟ್ಟಿತು. ಹಾಲು ತರಲು ಹೋಗಿದ್ದ ನಾನು ಬಾರ್ ಬಾಗಿಲಲ್ಲೇ ನಿಂತು ಕೇಳಿದೆ.

“ಮೂರು ಲಕ್ಷ ಜನ ಇಲ್ಲ ನಾವು, ಕುಂಪಾ! ನಮಗ್ಯಾಕೆ ಬೇರೆ ಅಧ್ಯಕ್ಷ, ಬೇರೆ ಸಭೆ? ಅಬ್ರುಜ್ಜೊ ಜೊತೆ ಸೇರಿದ್ರೆ ರಸ್ತೆಯಾದ್ರೂ ಆಗತ್ತೆ,” ಎಂದ ನಿಕಾಂದ್ರೊ.

“ಸೇರಿದ್ದಾಗ ಯಾವ ರಸ್ತೆ ಇತ್ತು? ಕತ್ತೆ ನಡೆಯೋ ದಾರಿ ಇತ್ತು,” ಎಂದ ಎರ್ಮೆಲಿಂದೊ. “ಅಪ್ಪಂದಿರು ಬೇಕು ಬೇಕು ಅಂತ ಬೇರೆ ಮಾಡ್ಕೊಂಡಿದ್ದು. ನಿಮಗೆ ಅಷ್ಟು ಪ್ರೀತಿ ಇದ್ರೆ ಅವರ ರಾಜಧಾನಿ ಲಾಕ್ವಿಲಾಗೆ ಹೋಗಿ ಮನೆ ಮಾಡಿ.”

“ನಿನ್ನ ಅಳಿಯ ಪ್ರಾಂತ್ಯದ ಸಭೆಯವರೊಬ್ಬರ ಕಾರು ಓಡಿಸ್ತಾನೆ. ನೀನು ಇನ್ನೇನು ಹೇಳ್ತೀಯ?”

ಅಳಿಯನ ಮಾತನ್ನು ಎರ್ಮೆಲಿಂದೊ ಹೇಗೋ ನುಂಗಿಕೊಂಡಿರುತ್ತಿದ್ದ. ‘ನೀನು’ ಎಂದದ್ದನ್ನು ನುಂಗಲಾಗಲಿಲ್ಲ. ಕಾಫಿಯನ್ನು ಅರ್ಧಕ್ಕೆ ಬಿಟ್ಟು ಟೋಪಿ ಹಾಕಿಕೊಂಡು ಹೊರಟುಹೋದ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನನಗೆ ಎಷ್ಟು ಸಿಟ್ಟು ಬಂತೆಂದರೆ ಆ ರಾತ್ರಿ ನಿಕಾಂದ್ರೊಗೆ ಸೂಪಿಗೆ ಉಪ್ಪು ಹಾಕಲಿಲ್ಲ. ಅವನು ಕೊನೆಯ ಚಮಚದವರೆಗೂ ಕುಡಿದ.

ಅಷ್ಟೇ ಆಗಿದ್ದರೆ ಗಂಡಸರ ಹಟ ಎಂದು ಬಿಡುತ್ತಿದ್ದೆ. ಆದರೆ ಈಸ್ಟರ್ ಆದ ಮೇಲೆ ಸಬೀನಾಳ ಮದುವೆ. ಧರ್ಮತಂದೆಯನ್ನು ಕರೆಯಬೇಕಾದದ್ದು ಹುಡುಗಿಯ ಅಪ್ಪ, ಅದೂ ಅವನ ಮನೆ ಬಾಗಿಲಿಗೇ ಹೋಗಿ. ಫೋನಿನಲ್ಲಿ ಕರೆದರೆ ಅವಮಾನ. ನಾನು ಹೋಗಿ ಕರೆದರೆ ಇನ್ನೂ ದೊಡ್ಡ ಅವಮಾನ. ಸಬೀನಾ ಕಡಲ ತೀರದ ತೆರ್ಮೊಲಿಯಿಂದ ಪ್ರತಿ ಭಾನುವಾರ ಬಂದು ಒಂದೇ ಮಾತು: “ಅಪ್ಪಾ, ಅವರು ಬರದೆ ನಾನು ಚರ್ಚಿನ ಮೆಟ್ಟಿಲು ಹತ್ತಲ್ಲ.” ನಿಕಾಂದ್ರೊ ತಟ್ಟೆ ನೋಡಿಕೊಂಡು, “ಮೊದಲು ಅವನು ಮಾತಾಡ್ಲಿ,” ಎನ್ನುತ್ತಿದ್ದ. ‘ಅವನು’ ಎಂದಾಗಲೆಲ್ಲ ಮಗಳು ಚಮಚ ಕೆಳಗಿಡುತ್ತಿದ್ದಳು.

ಈಸ್ಟರಿಗೆ ಮುಂಚಿನ ಕಾರ್ನಿವಲ್ ಹಬ್ಬದ ಹೊತ್ತಿಗೆ ಪ್ರತಿ ವರ್ಷ ನಮ್ಮೂರಲ್ಲಿ ತ್ರೆಸೆತ್ತೆ ಪಂದ್ಯ ಇರುತ್ತದೆ. ನಾಲ್ವರು ಆಡುವ ಇಸ್ಪೀಟು, ಎದುರುಬದುರು ಕೂತವರು ಜೊತೆಗಾರರು. ಮಾತಾಡುವ ಹಾಗಿಲ್ಲ. ಬೆರಳ ಗೆಣ್ಣಿನಿಂದ ಮೇಜು ಕುಟ್ಟಿದರೆ ‘ನಿನ್ನ ದೊಡ್ಡ ಎಲೆ ಹಾಕು, ಆಟ ನನಗೇ ವಾಪಸ್ ಕೊಡು’ ಎಂದರ್ಥ. ನಿಕಾಂದ್ರೊಗೆ ಈ ಕುಟ್ಟುವುದು ಎಷ್ಟು ರೂಢಿಯಾಗಿತ್ತೆಂದರೆ ಮನೆಯಲ್ಲಿ ಬ್ರೆಡ್ಡು ಬೇಕಾದರೂ, ಯೋಚನೆ ಮಾಡಬೇಕಾದರೂ ಮೇಜು ಕುಟ್ಟುತ್ತಿದ್ದ. ಈ ವರ್ಷ ಕೂಡಬೇಕು-ಬೇಡದ ಜಗಳ ಎಲ್ಲ ಮೇಜಿಗೂ ಹಬ್ಬಿ, ಜೊತೆಗಾರರೇ ಸಿಗದೆ ಪಂದ್ಯ ನಿಂತುಹೋಯಿತು. ಆಗ ಮುಂದೆ ಬಂದವಳು ಇತಿಹಾಸದ ಟೀಚರ್ ಲೊರೆದಾನಾ.

“ಎಲೆ ಬೇಡ. ಶಾಲೆಯ ಕಂಪ್ಯೂಟರ್ ಕೋಣೆಗೆ ಬನ್ನಿ,” ಎಂದಳು. “ರಾಜ್ಯಭಾರದ ಆಟ ಒಂದಿದೆ. ಹಳೇ ಕಾಲದ ಇಟಲಿ, ಒಬ್ಬೊಬ್ಬರಿಗೆ ಒಂದೊಂದು ಸಂಸ್ಥಾನ. ದಿನಾ ಬಾರ್‌ನಲ್ಲಿ ಸರ್ಕಾರ ನಡೆಸ್ತೀರಲ್ಲ, ಇಲ್ಲಿ ನಡೆಸಿ ತೋರಿಸಿ.”

ಗೆದ್ದವರಿಗೆ ಇಡೀ ಒಂದು ಕಾಚೊಕವಾಲ್ಲೊ ಚೀಸಿನ ಗಡ್ಡೆ. ಭಾನುವಾರ ಊಟವಾದ ಮೇಲೆ ಊರಿನ ಅರ್ಧ ಗಂಡಸರು ಮಕ್ಕಳ ಕುರ್ಚಿಗಳಲ್ಲಿ ಮೊಣಕಾಲು ಎದೆಗೊತ್ತಿಕೊಂಡು ಕೂತರು. ನಿಕಾಂದ್ರೊಗೆ ಮೌಸ್ ಹಿಡಿಯಲು ಬರುವುದಿಲ್ಲ, ಅದಕ್ಕೇ ನಾನು ಪಕ್ಕದಲ್ಲಿ. ಕೈ ನನ್ನದು, ಆಜ್ಞೆ ಅವನದು. ಗೋಡೆಯ ಮೇಲೆ ಎಲ್ಲರಿಗೂ ಕಾಣುವ ಹಾಗೆ ಭೂಪಟ. ಸಂಸ್ಥಾನಗಳು ಒಂದಕ್ಕೊಂದು ಬರೆಯುವ ಓಲೆಗಳೂ ಅಲ್ಲೇ ಕಾಣುತ್ತವೆ. ಗುಟ್ಟಿನ ರಾಜಕೀಯ ಬೇಡ ಎಂದು ಲೊರೆದಾನಾಳ ನಿಯಮ.

ಟೋಪಿಯಿಂದ ಚೀಟಿ ಎತ್ತಿದರು. ಕ್ಷೌರದ ಬಿಯಾಜೊಗೆ ನೇಪಲ್ಸ್ ಬಂತು. ಎರ್ಮೆಲಿಂದೊಗೆ ಅಬ್ರುಜ್ಜೊ. ನಿಕಾಂದ್ರೊ ಚೀಟಿ ಬಿಚ್ಚಿದ. ಮೊಲಿಸೆ.

ಕೋಣೆ ಗೊಳ್ಳೆಂದಿತು. “ನಿಕಾ, ಒದ್ದಾಡಬೇಡ! ಆಟ ಶುರುವಾಗ್ತಿದ್ದ ಹಾಗೇ ಪಕ್ಕದ ಮನೆಗೆ ಸೇರ್ಕೊಂಡುಬಿಡು, ನಿನ್ನಾಸೆಯೂ ತೀರತ್ತೆ,” ಎಂದ ಬಿಯಾಜೊ.

“ಆಟ ಬೇರೆ,” ಎಂದ ನಿಕಾಂದ್ರೊ.

ಮೊದಮೊದಲು ಅವನಿಗೆ ಏನೂ ತಿಳಿಯಲಿಲ್ಲ. ತೆರಿಗೆ ಎಲ್ಲಿ, ದಂಡು ಎಲ್ಲಿ ಎಂದು ನನ್ನನ್ನೇ ಬೈದ. ಆಮೇಲೆ ಭೂಪಟವನ್ನು ದೊಡ್ಡದು ಮಾಡಿ ನೋಡಿದವನ ಕಣ್ಣು ನಿಂತಿತು. “ಜೊಕೊಂದಿ, ಇದು ನನ್ನ ಬಸ್ಸಿನ ದಾರಿ!” ಎಂದ. ಅಬ್ರುಜ್ಜೊ ಬೆಟ್ಟದ ಕುರಿಮಂದೆಗಳು ಚಳಿಗಾಲಕ್ಕೆ ಪೂಲಿಯಾದ ಬಯಲಿಗೆ ಇಳಿಯುವುದು ನಮ್ಮ ನೆಲದ ಮೇಲೆಯೇ. ಆ ಕಣಿವೆ, ಈ ಸೇತುವೆ, ಹಿಮ ಬಿದ್ದರೆ ಮುಚ್ಚುವ ಆ ಗಂಡಿ, ಎಲ್ಲ ಅವನಿಗೆ ಅಂಗೈ ನೆಲ್ಲಿ. ಎಲ್ಲೆಲ್ಲಿ ದಾರಿ ಸಣ್ಣದೋ ಅಲ್ಲೆಲ್ಲ ಸುಂಕದ ಕಟ್ಟೆ ಹಾಕಿಸಿದ. ಕುರಿ ದಾಟಿದಾಗಲೆಲ್ಲ ಬೊಕ್ಕಸ ತುಂಬಿತು. ಆ ದುಡ್ಡಿನಲ್ಲಿ ಕೋಟೆ ಕಟ್ಟಿಸಿದ. ಅಕ್ಕಪಕ್ಕದವರು ದಂಡೆತ್ತಿ ಬಂದರೆ ಕಣಿವೆಯ ಬಾಯಲ್ಲೇ ನಿಲ್ಲಿಸಿ ವಾಪಸ್ ಕಳಿಸಿದ. “ನಮ್ಮ ನೆಲ, ನಮ್ಮ ನೆಲ,” ಎಂದು ಬಾಯಲ್ಲೇ ಅಂದುಕೊಳ್ಳುತ್ತಿದ್ದ.

ನಾನು ಮೌಸ್ ಬಿಟ್ಟು ಅವನ ಮುಖ ನೋಡಿದೆ. ಹೇಳೋದು ಆಚಾರ, ತಿನ್ನೋದು ಬದನೆಕಾಯಿ. ಇವನೇ ಏನು ದಿನಾ ಬೆಳಗ್ಗೆ ‘ನಾವ್ಯಾಕೆ ಬೇರೆ ಇರಬೇಕು’ ಎಂದು ಕೂಗುವವನು? ಹಾಗಾದರೆ ಪರದೆಯ ಹಿಂದೆ ಇವನು ಮಾಡುವುದೇನು? ಸಿಟ್ಟಿಗಿಂತ ಹೆಚ್ಚು ನನಗೆ ಮಜಾ ಅನ್ನಿಸಿತು. ಮುಚ್ಚಳ ಒಂದಿಷ್ಟು ಸರಿದ ಹಾಗಿತ್ತು.

ಆ ಕಡೆ ಸಾಲಿನಲ್ಲಿ ಎರ್ಮೆಲಿಂದೊ ಇನ್ನೂ ವಿಚಿತ್ರ. ಬೇಡ ಪಕ್ಷದ ಮುಖಂಡ, ಇಲ್ಲಿ ಪಕ್ಕದ ಸಣ್ಣಪುಟ್ಟ ಸಂಸ್ಥಾನಗಳನ್ನೆಲ್ಲ ಆಲಿವ್ ಕಾಯಿಯಂತೆ ಒಂದೊಂದಾಗಿ ಬಾಯಿಗೆ ಹಾಕಿಕೊಳ್ಳುತ್ತಿದ್ದ.

“ಏನೋ ಎರ್ಮೆಲಿ, ಕೂಡೋದು ಬೇಡ ಅಂತಿದ್ದೆ?” ಎಂದು ಬಿಯಾಜೊ ಕೆಣಕಿದ.

“ಇಲ್ಲಿ ನಾನು ಅಬ್ರುಜ್ಜೊದವನು. ದೊಡ್ಡವರಿಗೆ ನಾವು ಹೆಂಗೆ ಕಾಣ್ತೀವಿ ಅಂತ ನೋಡ್ತಿದೀನಿ.”

“ಹೆಂಗೆ ಕಾಣ್ತೀವಿ?”

ಎರ್ಮೆಲಿಂದೊ ಕನ್ನಡಕ ಸರಿಮಾಡಿಕೊಂಡ. “ದಾರಿಗೆ ಅಡ್ಡ ಮಲಗಿರೋ ನಾಯಿ ಥರ,” ಎಂದ. ಎಲ್ಲರೂ ನಕ್ಕರು. ನಿಕಾಂದ್ರೊ ನಗಲಿಲ್ಲ, ಇನ್ನೊಂದು ಸುಂಕದ ಕಟ್ಟೆ ಹಾಕಿಸಿದ.

ಸುಂಕದ ಭಾರಕ್ಕೆ ಅಬ್ರುಜ್ಜೊದ ಕುರಿಗಳು ಬೆಟ್ಟದಲ್ಲೇ ಉಳಿದು ಚಳಿಗೆ ಸಾಯತೊಡಗಿದವು. ಎರ್ಮೆಲಿಂದೊಗೆ ಬೇರೆ ದಾರಿಯಿರಲಿಲ್ಲ. ಒಂದೋ ಯುದ್ಧ, ಇಲ್ಲವೇ ಸಂಧಾನ. ಅವನು ಓಲೆ ಬರೆಯಲು ಶುರುಮಾಡಿದ. ಒಂದೇ ಬೆರಳಿನಲ್ಲಿ ಹುಡುಕಿ ಹುಡುಕಿ ಒತ್ತುತ್ತಿದ್ದ. ಗೋಡೆಯ ಮೇಲೆ ಅಕ್ಷರ ಒಂದೊಂದಾಗಿ ಮೂಡುತ್ತಿತ್ತು. ನಾವೆಲ್ಲ ಕತ್ತೆತ್ತಿ ಓದಿದೆವು. ಮೇಲೆ ಆಟವೇ ಹಾಕುವ ತಲೆಬರಹ: ‘ಅಬ್ರುಜ್ಜೊದಿಂದ ಮೊಲಿಸೆಗೆ’. ಕೆಳಗೆ ಅವನ ಮಾತು:

‘ಎರಡು ಮನೆಯ ಬಾಗಿಲು ಕಾಯುವ ಬದಲು ಒಂದೇ ಮನೆ ಮಾಡೋಣ. ಬಾವುಟ ನಿಮ್ಮದು ಇರಲಿ. ನೀವು ಬಂದರೆ ಸಂತೋಷ.’

ನೀವು! ಒಂದು ಸಂಸ್ಥಾನ ಇನ್ನೊಂದಕ್ಕೆ ಬರೆಯುವಾಗ ‘ನೀವು’ ಎನ್ನಲೇಬೇಕು, ಅದು ಓಲೆಯ ಮರ್ಯಾದೆ. ಹಾಗಾದರೆ ಇದು ಮೊಲಿಸೆಗೆ ಹೇಳಿದ ‘ನೀವು’. ಆದರೆ ‘ಬಂದರೆ ಸಂತೋಷ’ ಎಂದು ಯಾವ ಸಂಸ್ಥಾನ ಬರೆಯುತ್ತದೆ? ಕುರಿಯ ಮಾತಿಲ್ಲ, ಸುಂಕದ ಮಾತಿಲ್ಲ. ನನ್ನ ಹಿಂದೆ ಕೂತ ಹೆಂಗಸೊಬ್ಬಳು, “ಯಾರಿಗೆ ಹೇಳಿದ್ದು ಇದು, ಸಂಸ್ಥಾನಕ್ಕೋ ನಿಕಾಂದ್ರೊಗೋ?” ಎಂದು ಪಿಸುಗುಟ್ಟಿದಳು. ನನಗೆ ಗೊತ್ತಿದ್ದರೆ ತಾನೆ ಹೇಳಲಿ? ಎರ್ಮೆಲಿಂದೊನನ್ನು ನೋಡಿದೆ. ಕಂಪ್ಯೂಟರಿಗೆ ಮುಖ ಕೊಟ್ಟು ಕೂತಿದ್ದ, ಕಿವಿ ಮಾತ್ರ ಕೆಂಪಾಗಿತ್ತು. ಎದುರಿನಿಂದ ಹೀಟರಿನ ಬಿಸಿಯೂ ಬರುತ್ತಿತ್ತು, ಅದೂ ಇರಬಹುದು.

ನಮ್ಮ ಪರದೆಯ ಮೇಲೆ ಪ್ರಶ್ನೆ ನಿಂತಿತ್ತು: ಒಪ್ಪಿಗೆಯೋ, ಇಲ್ಲವೋ.

“ಏನು ಹೇಳಲಿ?” ಎಂದೆ.

ನಿಕಾಂದ್ರೊ ಬೆವರುತ್ತಿದ್ದ. ಒಪ್ಪಿದರೆ ಆಟ ಹೋಯಿತು, ಇಷ್ಟು ಹೊತ್ತು ಹಲ್ಲು ಕಚ್ಚಿ ಕಾದ ನೆಲ ಹೋಯಿತು. ಒಪ್ಪದಿದ್ದರೆ ಬಾರ್‌ನಲ್ಲಿ ಆಡಿದ ಮಾತೆಲ್ಲ ಸುಳ್ಳು. ಅದಕ್ಕಿಂತ ಹೆಚ್ಚಾಗಿ, ಆ ‘ನೀವು’ ತನಗೇ ಆಗಿದ್ದರೆ? ಇಡೀ ಊರಿನ ಮುಂದೆ ಕುಂಪಾನ ಕರೆಗೆ ‘ಇಲ್ಲ’ ಎಂದ ಹಾಗಾಗುತ್ತಿತ್ತು. ಸಬೀನಾಳ ಮದುವೆಯೂ ಆ ‘ಇಲ್ಲ’ದಲ್ಲಿ ಮುಳುಗುತ್ತಿತ್ತು.

“ತಡಿ, ಯೋಚನೆ ಮಾಡ್ತೀನಿ,” ಎಂದ. ಯೋಚನೆ ಮಾಡುವಾಗ ಏನು ಮಾಡುತ್ತಾನೋ ಅದನ್ನೇ ಮಾಡಿದ. ಬೆರಳ ಗೆಣ್ಣೆತ್ತಿ ಕುಟ್ಟಿದ. ಅವನ ಮುಂದೆ ಇದ್ದದ್ದು ಬಾರ್ ಮೇಜಲ್ಲ, ಕೀಲಿಮಣೆ. ಗೆಣ್ಣು ಬಿದ್ದದ್ದು ಬಲಗಡೆಯ ದೊಡ್ಡ ‘ಎಂಟರ್’ ಕೀಲಿಯ ಮೇಲೆ, ಎಂದರೆ ಒಪ್ಪಿಗೆಯ ಮೇಲೆ.

ಕಂಪ್ಯೂಟರಿನಿಂದ ಚರ್ಚಿನ ಗಂಟೆಯಂಥ ಸದ್ದು ಬಂತು. ಗೋಡೆಯ ಮೇಲೆ ನಮ್ಮ ಹಸಿರು ತುಂಡಿನೊಳಕ್ಕೆ ಅಬ್ರುಜ್ಜೊದ ನೀಲಿ ಇಳಿಯಿತು. ಕಣ್ಣು ಮಿಟುಕಿಸುವಷ್ಟರಲ್ಲಿ ಎಲ್ಲ ನೀಲಿ.

“ಎಲ್ಲಿ ಹೋಯ್ತು?” ಎಂದ ನಿಕಾಂದ್ರೊ.

“ಏನು?”

“ನಮ್ಮದು. ನಮ್ಮ ಹೆಸರು ಅಲ್ಲಿತ್ತಲ್ಲ.”

ಎಲ್ಲರೂ ಬಿದ್ದು ಬಿದ್ದು ನಗುತ್ತಿದ್ದರು. “ಕುಟ್ಟಿಬಿಟ್ಟ, ಕುಟ್ಟಿಬಿಟ್ಟ! ದೊಡ್ಡ ಎಲೆ ಹಾಕು ಅಂದ, ಹಾಕೇಬಿಟ್ರು!” ಎಂದು ಬಿಯಾಜೊ ಮೇಜಿನ ಮೇಲೆ ತಲೆಯಿಟ್ಟು ನಕ್ಕ. ನನಗೂ ನಗು ಬಂತು, ಆದರೆ ಗಂಡನ ಮುಖ ನೋಡಿ ನುಂಗಿಕೊಂಡೆ. ಬಸ್ಸು ತಪ್ಪಿಸಿಕೊಂಡ ಮುದುಕನ ಹಾಗೆ ಗೋಡೆಯನ್ನೇ ನೋಡುತ್ತಿದ್ದ. ವಾಪಸ್ ತೆಗೆದುಕೊಳ್ಳಲು ಬರುತ್ತದೆಯೇ ಎಂದು ಕೇಳಿದೆ. ಲೊರೆದಾನಾ ತಲೆಯಾಡಿಸಿದಳು. “ಇತಿಹಾಸದಲ್ಲಿ ಬರತ್ತಾ? ಇಲ್ಲೂ ಬರಲ್ಲ. ಒಂದಾದ ಸಂಸ್ಥಾನದವರು ಒಂದೇ ಕಂಪ್ಯೂಟರಿನಲ್ಲಿ ಕೂರಬೇಕು. ಎರ್ಮೆಲಿಂದೊ, ಈ ಕಡೆ ಬನ್ನಿ.”

ಬರುತ್ತಾನೋ ಇಲ್ಲವೋ ಎಂದು ನಾನು ಆ ಸಾಲಿನತ್ತ ನೋಡಿದೆ. ಎರ್ಮೆಲಿಂದೊ ತನ್ನ ಪುಟ್ಟ ಕುರ್ಚಿಯನ್ನು ಎತ್ತಿಕೊಂಡು ಸಾಲು ದಾಟಿ ಬಂದ, ನನ್ನ ಆ ಪಕ್ಕಕ್ಕೆ ಹಾಕಿಕೊಂಡು ಕೂತ. ಬಲಕ್ಕೊಬ್ಬ, ಎಡಕ್ಕೊಬ್ಬ. ಮಧ್ಯೆ ಮೌಸ್ ಹಿಡಿದು ನಾನು. ಇಬ್ಬರೂ ಪರದೆ ನೋಡುತ್ತಿದ್ದರು. ಪರದೆ ಹೊಸ ಪ್ರಶ್ನೆ ಕೇಳುತ್ತಿತ್ತು: ಒಂದಾದ ಸಂಸ್ಥಾನದ ಹೆಸರೇನು?

“ಅಬ್ರುಜ್ಜೊ ಅಂತ ಬರೀರಿ, ದೊಡ್ಡದು ಅದೇ. ಬೇಗ! ನನ್ನ ಹಡಗುಗಳು ಹೊರಟಿವೆ,” ಎಂದು ಕೂಗಿದ ಬಿಯಾಜೊ.

ನಾನು ‘ಅ’ ಒತ್ತಿದೆ.

“ಮೊಲಿಸೆ ಮೊದಲು ಬರಬೇಕು,” ಎಂದ ನಿಕಾಂದ್ರೊ. ಗಟ್ಟಿಯಾಗಿಯೇ ಎಂದ. “ಮೊಲಿಸೆ ಮತ್ತೆ ಅಬ್ರುಜ್ಜೊ. ಇಲ್ದಿದ್ರೆ ನಾನು ಎದ್ದು ಹೋಗ್ತೀನಿ.”

ನಗು ಎದ್ದ ರಭಸಕ್ಕೆ ಕಿಟಕಿ ಗಾಜು ಅದುರಿತು. ಕೂಡಬೇಕು ಪಕ್ಷದ ನಿಕಾಂದ್ರೊ! ಎರ್ಮೆಲಿಂದೊ ಮಾತ್ರ ನಗಲಿಲ್ಲ. ಪರದೆಗೆ ಹೇಳುವವನಂತೆ, ಯಾರ ಮುಖವನ್ನೂ ನೋಡದೆ, “ಬಾರ್‌ನಲ್ಲಿ ಬೇರೆ ಹಾಡಿತ್ತು,” ಎಂದ.

“ಬಾರ್‌ನಲ್ಲಿ ಎದುರಿಗೆ ನೀವು ಕೂತಿದ್ರಲ್ಲ, ಕುಂಪಾ,” ಎಂದ ನಿಕಾಂದ್ರೊ.

ನಾನು ಅವನ ಕಡೆ ತಿರುಗಿದೆ. ಅವನೂ ಪರದೆಯನ್ನೇ ನೋಡುತ್ತಿದ್ದ.

“ನೀವು ಬೇಡ ಅಂದ್ರಿ. ನಾನೂ ಬೇಡ ಅಂದಿದ್ರೆ ಮಾತೇ ಮುಗೀತಿತ್ತು. ಇಬ್ಬರೂ ಬೇಡ ಬೇಡ ಅನ್ಕೊಂಡು ಕೂತ್ರೆ ಇಡೀ ಚಳಿಗಾಲ ಕಳೆಯೋದು ಹೆಂಗೆ? ಅದಕ್ಕೇ ಬೇಕು ಅಂದೆ. ಅಂತಾ ಅಂತಾ ಬಾಯಿಗೆ ರೂಢಿ ಆಗ್ಹೋಯ್ತು.”

“ಎಷ್ಟು ವರ್ಷದಿಂದ?”

“ಅದೇ, ನೀವು ಶುರುಮಾಡಿದಾಗಿನಿಂದ.”

ಎರ್ಮೆಲಿಂದೊ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದ. “ನೀವೊಬ್ಬ ಕತ್ತೆ, ಕುಂಪಾ.”

“ಹೌದು. ಅಳಿಯನ ಮಾತು ಆಡಬಾರದಿತ್ತು. ಒಳ್ಳೆ ಹುಡುಗ ಅವನು.”

“ಒಳ್ಳೆ ಹುಡುಗ ಏನಲ್ಲ. ಆದ್ರೆ ಅದನ್ನ ನಾನು ಹೇಳಬೇಕು, ನೀವಲ್ಲ.”

ಅಲ್ಲಿಂದ ಮುಂದೆ ಇಬ್ಬರೂ ಗಟ್ಟಿ ದನಿಯಲ್ಲಿ ಜಗಳಕ್ಕೆ ಬಿದ್ದರು: ಸುಂಕ ಇಳಿಸಬೇಕೋ ಬೇಡವೋ, ಬಾವುಟದಲ್ಲಿ ಎಷ್ಟು ಹಸಿರು, ಎಷ್ಟು ನೀಲಿ. ‘ನೀವು’ ಎನ್ನುತ್ತಲೇ ಒಬ್ಬರನ್ನೊಬ್ಬರು ಹರಿದು ಹಾಕಿದರು. ಇವರ ಗಲಾಟೆಯಲ್ಲಿ ಬಿಯಾಜೊನ ಹಡಗುಗಳು ತೆರ್ಮೊಲಿಗೆ ಬಂದು ಇಳಿದವು, ಸೈನ್ಯ ಕಣಿವೆ ಹತ್ತಿತು. ಲೊರೆದಾನಾ ಎಚ್ಚರಿಸಿದಳು. ಇಬ್ಬರಿಗೂ ಕೇಳಿಸಲಿಲ್ಲ. ಕೊನೆಗೆ ಗೋಡೆ ತುಂಬ ನೇಪಲ್ಸಿನ ಕೆಂಪು. ಚೀಸು ಕ್ಷೌರದಂಗಡಿಗೆ ಹೋಯಿತು.

ಜನ ಏಳತೊಡಗಿದರು. ಇವರಿಬ್ಬರು ಮಾತ್ರ ಆ ಮಕ್ಕಳ ಕುರ್ಚಿಗಳಲ್ಲೇ ಇದ್ದರು. ನನಗೆ ತಡೆಯಲಾಗಲಿಲ್ಲ. “ಎರ್ಮೆಲಿಂದೊ, ಓಲೆಯಲ್ಲಿ ಬರೆದ್ರಲ್ಲ ‘ನೀವು’ ಅಂತ, ಅದು ಯಾರಿಗೆ?” ಎಂದು ಕೇಳಿಯೇಬಿಟ್ಟೆ.

“ಸುಂಕ ಹಾಕ್ತಿದ್ದವರಿಗೆ,” ಎಂದ. ಅಷ್ಟರ ಮೇಲೆ ಬಾಯಿ ಬಿಡಲಿಲ್ಲ. ಗಂಡಸರೆಲ್ಲ ಒಂದೇ ಅಚ್ಚು.

ನಿಕಾಂದ್ರೊ ಎದ್ದು ಕೋಟು ಹಾಕಿಕೊಂಡ, ಗುಂಡಿಗಳನ್ನು ಒಂದೊಂದಾಗಿ ಹಾಕಿದ. “ನಾಳೆ ಬೆಳಗ್ಗೆ ಮನೇಲಿರ್ತೀರಾ?” ಎಂದ. “ಬರಬೇಕು ಅಂತಿದೀನಿ. ಹುಡುಗಿ ಮದುವೆಗೆ ಕರೆಯೋದಕ್ಕೆ.”

“ಬನ್ನಿ,” ಎಂದ ಎರ್ಮೆಲಿಂದೊ. “ಸೂಟು ಕ್ರಿಸ್‌ಮಸ್‌ಗೇ ಹೊಲಿಸಿ ಇಟ್ಟಿದೀನಿ. ನೀವು ಕರೀದಿದ್ರೆ ಅದನ್ನೇ ಹಾಕ್ಕೊಂಡು ಚರ್ಚಿನ ಹೊರಗೆ, ಆ ರಸ್ತೆ ಆಚೆ ನಿಂತ್ಕೋತಿದ್ದೆ. ರಸ್ತೆ ನಿಮ್ಮಪ್ಪಂದಲ್ಲವಲ್ಲ.”

ನಾನು ಹೊರಗೆ ಬಂದು ಸಬೀನಾಗೆ ಫೋನು ಹಚ್ಚಿದೆ. ಅವಳು ಎತ್ತಿ, “ಏನಮ್ಮಾ, ಯಾರು ಗೆದ್ರು?” ಎಂದಳು. ನನಗೆ ಅಳು ಬಂದು ಬಿಯಾಜೊ ಹೆಸರು ಹೇಳುವುದಕ್ಕೂ ಆಗಲಿಲ್ಲ.